ಹಂಚಿಕೊಂಡು ಬಾಳುವ ಮನೆಗೆ ಹೊರಟಿರುವ ಮಗಳಿಗೆ

ಪ್ರೀತಿಯ ಮಗಳೆ,

ವಿಶ್ವವಿದ್ಯಾಲಯದ ಹಾಸ್ಟೆಲ್ ಬಿಟ್ಟು ಕ್ಯಾಥೊಲಿಕ್ ವರ್ಕರ್ ಬಳಗದವರ ಮನೆಯಲ್ಲಿ ನೆಲೆಸಲು ನಿಶ್ಚಯಿಸಿದ್ದೇನೆಂದು ನೀನು ಬರೆದದ್ದನ್ನು ಓದಿ ಅಮ್ಮ ಮೊದಲು ಕೇಳಿದ್ದು, "ಹಾಗಾದರೆ ಇವಳು ಕನ್ಯಾಸ್ತ್ರೀ ಆಗುತ್ತಾಳೇನು?" ಎಂದು. ಅಲ್ಲಿ ವ್ರತಗಳಿಲ್ಲ, ಮಠದ ಮೇಲಧಿಕಾರಿಗಳಿಲ್ಲ, ಕಥೋಲಿಕರ ಜೊತೆಗೆ ಬೇರೆ ನಂಬಿಕೆಯವರೂ ಯಾವ ನಂಬಿಕೆಯೂ ಇಲ್ಲದವರೂ ಒಂದೇ ಒಲೆಯಲ್ಲಿ ಬೇಯಿಸಿಕೊಂಡು, ಬೀದಿಯಲ್ಲಿ ಮಲಗುವವರಿಗೂ ಹಾಸಿಗೆ ಹಾಕಿಕೊಟ್ಟು ಬಾಳುತ್ತಾರೆ ಎಂದು ವಿವರಿಸಿದ್ದೇನೆ. ನಮ್ಮಿಬ್ಬರ ಒಪ್ಪಿಗೆಯೂ ಇದೆ. ಆದರೂ ಅಲ್ಲಿಗೆ ಹೋಗುವ ಮೊದಲು ನೀನು ಯೋಚಿಸಬೇಕಾದ ಒಂದು ಸಂಗತಿಯನ್ನು ಬರೆಯದೆ ಇರಲಾರೆ.

ಈ ಮನೆಗಳ ಮೂಲ ನಿನಗೆ ಗೊತ್ತಿದೆ. ಮಹಾ ಆರ್ಥಿಕ ಕುಸಿತದ ನಡುವೆ, 1933ರ ಮೇ 1ರಂದು, ಪತ್ರಕರ್ತೆ ಡೊರೊಥಿ ಡೇ ಮತ್ತು ಪೀಟರ್ ಮೌರಿನ್ ಆರಂಭಿಸಿದ 'ಕ್ಯಾಥೊಲಿಕ್ ವರ್ಕರ್' ಪತ್ರಿಕೆಯ ಮೊದಲ ಸಂಚಿಕೆ ನ್ಯೂಯಾರ್ಕಿನ ಯೂನಿಯನ್ ಚೌಕದಲ್ಲಿ ಒಂದು ಸೆಂಟಿಗೆ ಮಾರಾಟವಾಯಿತು. ನೆಲೆಯಿಲ್ಲದವರಿಗೆ ಅತಿಥಿಗೃಹಗಳು ಬೇಕೆಂದು ಪತ್ರಿಕೆಯಲ್ಲಿ ಬರೆದದ್ದನ್ನು ಓದಿದವರು ಬಾಗಿಲಿಗೇ ಬಂದು ಕೇಳಿದಾಗ ಬರೆದವರು ಮನೆ ಬಾಡಿಗೆಗೆ ಹಿಡಿಯಲೇಬೇಕಾಯಿತು. ಹಸಿದವನಿಗೆ ಊಟ, ಪರದೇಶಿಗೆ ಆಸರೆ ಎಂದು ಮತ್ತಾಯನ ಶುಭಸಂದೇಶದ 25ನೆಯ ಅಧ್ಯಾಯ ಹೇಳುವುದನ್ನು ಅವರು ಸರ್ಕಾರಕ್ಕಾಗಲಿ ಧರ್ಮಸಭೆಯ, ಅಂದರೆ ಚರ್ಚಿನ, ಕಚೇರಿಗಾಗಲಿ ಬಿಡದೆ ತಮ್ಮ ಮನೆಯೊಳಗಿನ ಕೆಲಸವೆಂದೇ ತಿಳಿದರು.

ಹಣದ ವಿಷಯದಲ್ಲಿ ಅವರ ನಿಷ್ಠೆ ನನ್ನನ್ನು ಈಗಲೂ ಬೆರಗುಗೊಳಿಸುತ್ತದೆ. ನ್ಯೂಯಾರ್ಕಿನ ಕ್ರಿಸ್ಟಿ ಬೀದಿಯ ಅವರ ಕಟ್ಟಡವನ್ನು ನಗರಾಡಳಿತ ವಶಪಡಿಸಿಕೊಂಡು, ಪರಿಹಾರ ತಡವಾದದ್ದಕ್ಕೆ 3,579 ಡಾಲರ್ ಬಡ್ಡಿಯನ್ನೂ ಸೇರಿಸಿ ಕೊಟ್ಟಿತು. ಬಡ್ಡಿ ತೆಗೆದುಕೊಳ್ಳುವುದು ತಪ್ಪೆಂಬ ಧರ್ಮಸಭೆಯ ಹಳೆಯ ಬೋಧನೆಯನ್ನು ನೆನೆದು ಡೊರೊಥಿ 1960ರಲ್ಲಿ ಆ ಮೊತ್ತವನ್ನು ಹಿಂದಿರುಗಿಸಿದರು. ದಾನ ಮಾಡಲು ಸರ್ಕಾರದ ಅಪ್ಪಣೆ ಏಕೆಂದು ತೆರಿಗೆ ವಿನಾಯಿತಿಗೂ ಅರ್ಜಿ ಹಾಕಲಿಲ್ಲ. ದಿನಾಲೂ ಪೂಜೆಗೆ ಹೋಗುತ್ತಿದ್ದ ಅದೇ ಹೆಂಗಸು, 1949ರಲ್ಲಿ ಧರ್ಮಸಭೆಯ ಸ್ಮಶಾನದಲ್ಲಿ ಸಮಾಧಿ ತೋಡುವ ಕಾರ್ಮಿಕರು ನ್ಯೂಯಾರ್ಕಿನ ಆರ್ಚ್‌ಬಿಷಪ್ ಕಾರ್ಡಿನಲ್ ಸ್ಪೆಲ್‌ಮನ್ನರ ಆಡಳಿತದ ವಿರುದ್ಧ ಮುಷ್ಕರ ಹೂಡಿದಾಗ ಕಾರ್ಮಿಕರ ಪರ ನಿಂತರು. ಭಕ್ತಿಯಿದ್ದವರು ಪ್ರಶ್ನೆ ಕೇಳಬಾರದೆಂದು ಯಾರಾದರೂ ನಿನಗೆ ಹೇಳಿದರೆ ಇದನ್ನು ನೆನಪು ಮಾಡು.

ನನ್ನ ಮನಸ್ಸು ನಿಲ್ಲುವುದು ಮಾತ್ರ ಅವರ ಮಗಳು ಟಾಮಾರ್ ಬಳಿ. 1926ರಲ್ಲಿ ಹುಟ್ಟಿದ ಆ ಮಗುವೇ ಡೊರೊಥಿಯನ್ನು ಧರ್ಮಸಭೆಯ ಕಡೆಗೆ ತಿರುಗಿಸಿದ್ದು. ಮಗುವಿಗೆ ಜ್ಞಾನಸ್ನಾನ ಮಾಡಿಸಿದ ಕೆಲವೇ ತಿಂಗಳಲ್ಲಿ ತಾಯಿಯೂ ಅದನ್ನು ಪಡೆದರು. ಆದರೆ ತಾಯಿ ಭಾಷಣಕ್ಕೆ, ಮುಷ್ಕರಕ್ಕೆ ಎಂದು ಊರೂರು ಸುತ್ತುವಾಗ ಟಾಮಾರ್ ಬೇರೆಯವರ ಆರೈಕೆಯಲ್ಲಿ, ಬೋರ್ಡಿಂಗ್ ಶಾಲೆಯಲ್ಲಿ ಇರಬೇಕಾಯಿತು. ಮುಂದೆ ಆ ಮಗಳು ಧರ್ಮಸಭೆಯಿಂದಲೇ ದೂರವಾದರು. ಹಾಗೆಂದು ತಾಯಿ ಮಗಳ ನಂಟು ಕಡಿಯಲಿಲ್ಲ; 1980ರಲ್ಲಿ ಬಳಗದ ನ್ಯೂಯಾರ್ಕಿನ ಮನೆಯಾದ ಮೇರಿ ಹೌಸಿನಲ್ಲಿ ಡೊರೊಥಿ ಕೊನೆಯುಸಿರೆಳೆದಾಗ ಟಾಮಾರ್ ಪಕ್ಕದಲ್ಲೇ ಇದ್ದರು. ಬಂದವರಿಗೆಲ್ಲ ಬಾಗಿಲು ತೆರೆದಿಟ್ಟ ಮನೆಯಲ್ಲಿ ಅದರ ಭಾರ ಯಾರ ಮೇಲೆ ಬೀಳುತ್ತದೆಂದು ಆ ಮಗಳ ಬದುಕು ತೋರಿಸುತ್ತದೆ.

ನೀನು ಕಳಿಸಿದ ಅಡುಗೆಮನೆಯ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಕೆಲಸದ ಪಾಳಿಯ ಹಾಳೆಯಲ್ಲಿ ಸೂಪು ಬೇಯಿಸುವುದಕ್ಕೆ, ತರಕಾರಿ ತರುವುದಕ್ಕೆ ಬೇರೆ ಬೇರೆ ಹೆಸರುಗಳಿವೆ. ರಾತ್ರಿ ಬಾಗಿಲು ನೋಡಿಕೊಳ್ಳುವ ಸಾಲಿನಲ್ಲಿ ಮಾತ್ರ ಒಬ್ಬ ಹೆಣ್ಣುಮಗಳ ಹೆಸರೇ ಮತ್ತೆ ಮತ್ತೆ ಬರುತ್ತದೆ, ಕೆಲವು ಚೌಕಗಳು ಖಾಲಿಯೇ ಇವೆ. ಸಂಬಳದ ನೌಕರರಿಲ್ಲದ, ಎಲ್ಲರೂ ಕೂತು ಮಾತಾಡಿ ತೀರ್ಮಾನಿಸುವ ಕಡೆ ಇಂಥ ಖಾಲಿ ಚೌಕಗಳನ್ನು ಇಲ್ಲವೆನ್ನಲು ಬಾರದವರೇ ತುಂಬುತ್ತಾರೆ. ನಿನ್ನ ಸ್ವಭಾವ ನನಗೆ ಗೊತ್ತು, ಮಗಳೆ; ಆ ಪಾಳಿ ನಿನ್ನ ಪಾಲಿಗೇ ಬಂದೀತೆಂದು ಭಯ.

ಆದ್ದರಿಂದ ವಾರದ ಸಭೆಯಲ್ಲಿ ಮೊದಲೇ ಕೇಳು: ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಕೋಣೆ ನಿನಗಿದೆಯೇ, ವಾರಕ್ಕೊಂದು ದಿನ ಪೂರ್ತಿ ಬಿಡುವು ಸಿಗುತ್ತದೆಯೇ, ಕುಡಿದು ಬಂದವರು ಗಲಾಟೆ ಮಾಡಿದರೆ ನಿನ್ನೊಂದಿಗೆ ಯಾರು ನಿಲ್ಲುತ್ತಾರೆ. ಹೀಗೆ ಕೇಳುವುದರಿಂದ ನಿನ್ನ ಸೇವೆ ಕಿರಿದಾಗುವುದಿಲ್ಲ. ಆರೋಗ್ಯ ವಿಮೆಯ ಕಂತನ್ನು ನಾನೇ ಕಟ್ಟುತ್ತೇನೆ, ಅದನ್ನು ಮನೆಯ ಸಾಮಾನ್ಯ ನಿಧಿಗೆ ಹಾಕಲು ಮಾತ್ರ ಹೋಗಬೇಡ. ಸಭೆಯಲ್ಲಿ ಏನು ಹೇಳಿದರೆಂದು ತಪ್ಪದೆ ಬರೆ, ಅಮ್ಮನೂ ಕಾಯುತ್ತಿದ್ದಾಳೆ.

ಇಂತಿ ನಿನ್ನ ಪ್ರೀತಿಯ
ಅಪ್ಪ