ಆಯಿಯನ್ನು ಒಂದು ಮಾತು ಕೇಳಿ

ಬ್ರಾಡ್‌ಫರ್ಡ್
ಇಂಗ್ಲೆಂಡ್
ಭಾನುವಾರ ರಾತ್ರಿ

ಅವ್ವ, ಅಪ್ಪ, ತಮ್ಮ, ಎಲ್ಲರಿಗೂ ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ನೀವು ಕಳಿಸಿದ ಶೇಂಗಾ ಹಿಂಡಿ ಇನ್ನೂ ಅರ್ಧ ಡಬ್ಬಿ ಇದೆ, ಕಟಕ ರೊಟ್ಟಿ ಮಾತ್ರ ಮುಗಿದುಹೋಯಿತು. ಮೊನ್ನೆ ವಿಡಿಯೋ ಕಾಲ್‌ನಲ್ಲಿ ಎಲ್ಲರೂ ಒಟ್ಟಿಗೇ ಮಾತಾಡಿದಿರಿ, ಯಾರು ಏನು ಹೇಳಿದಿರಿ ಅಂತ ಅರ್ಧ ತಿಳಿಯಲಿಲ್ಲ, ಆದರೆ ಹಿಂದೆ ನಮ್ಮ ಅಜ್ಜಿ, ನಮ್ಮ ಆಯಿ, ಅಳುತ್ತಿದ್ದದ್ದು ಕೇಳಿಸಿತು. ಅದು ಕಿವಿಯಿಂದ ಹೋಗುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಫೋನಲ್ಲಿ ಹೇಳಿದರೆ ಮಾತಿಗೆ ಮಾತು ಬೆಳೆಯುತ್ತದೆ, ಬರೆದರೆ ನಿಧಾನಕ್ಕೆ ಎರಡು ಸಲ ಓದಬಹುದು.

ಅವ್ವ, ನೀನು ಹೇಳಿದ್ದೆಲ್ಲ ನೆನಪಿದೆ. ಮರೆವು ಹೆಚ್ಚಾದ ಮೇಲೆ ಸ್ನಾನಕ್ಕೆ ಕರೆದರೆ ಆಯಿ ಕೈ ಬೀಸುತ್ತಾಳೆ, ತಾಟು ತಳ್ಳುತ್ತಾಳೆ, ಸಂಜೆ ಆದರೆ ಸಾಕು, "ನಮ್ಮ ಮನಿಗಿ ಹೋಗ್ತೀನಿ" ಅಂತ ಬಾಗಿಲ ಹತ್ತಿರ ನಿಲ್ಲುತ್ತಾಳೆ. ಇದೇ ನಿನ್ನ ಮನೆ ಅಲ್ವಾ ಅಂತ ಅಪ್ಪ ದಿನಾ ತಿಳಿಸಿ ಹೇಳುತ್ತಾರೆ. ತಮ್ಮ ಮಧ್ಯಾಹ್ನ ಅಂಗಡಿಗೆ ಹೋಗುವಾಗ ಕೋಣೆಗೆ ಹೊರಗಿನಿಂದ ಚಿಲಕ ಹಾಕುತ್ತಾನೆ, ರಸ್ತೆಗೆ ಹೋಗಿಬಿಟ್ಟರೆ ಅಂತ ಭಯ. ನಿಮ್ಮಲ್ಲಿ ಯಾರಿಗೂ ಪ್ರೀತಿ ಕಡಿಮೆ ಇಲ್ಲ, ನನಗೆ ಗೊತ್ತು. ನಾನು ಮಾಡಿದ ಒಂದು ತಪ್ಪು ಹೇಳುತ್ತೇನೆ, ಕೇಳಿ.

ಇಲ್ಲಿಯ ಆಸ್ಪತ್ರೆಗೆ ನರ್ಸ್ ಆಗಿ ಬಂದ ಮೊದಲ ತಿಂಗಳು ನಮ್ಮ ವಾರ್ಡಿನಲ್ಲಿ ಒಬ್ಬ ಅಜ್ಜಿ ಇದ್ದರು. ಹೆಸರು ಹೇಳುವಂತಿಲ್ಲ, ರೋಗಿಯ ಗುಟ್ಟು ಕಾಯುವುದು ನಮ್ಮ ಕೆಲಸದ ಕಟ್ಟುಪಾಡು. ಎಷ್ಟೋ ವರ್ಷದ ಹಿಂದೆ ಗಂಡನ ಜೊತೆ ಪಾಕಿಸ್ತಾನದಿಂದ ಬಂದವರು, ಈ ಊರಲ್ಲಿ ಅಂಥವರು ತುಂಬಾ ಜನ. ಕಲಿತಿದ್ದ ಇಂಗ್ಲಿಷ್ ಮರೆವಿನ ಕಾಯಿಲೆಯಲ್ಲಿ ಪೂರ್ತಿ ಹೋಗಿತ್ತು. ಮರೆವು ಬಂದಾಗ ಆಮೇಲೆ ಕಲಿತ ಭಾಷೆ ಮೊದಲು ಹೋಗಿ ತಾಯಿಭಾಷೆ ಉಳಿಯುವುದು ಎಷ್ಟೋ ಜನರಲ್ಲಿ ಕಾಣುತ್ತದೆ. ನನಗೆ ಆ ದಿನ ಆರು ಜನರ ಸ್ನಾನ ಮುಗಿಸಬೇಕಿತ್ತು. ಪರದೆ ಎಳೆದೆ, ಒಂದು ಡಬರಿ ಬಿಸಿನೀರು ತಂದೆ, ಬಟ್ಟೆ ಅದ್ದಿ ಒರೆಸಲು ಶುರು ಮಾಡಿದೆ. ಅಜ್ಜಿ ನನ್ನ ಮಣಿಕಟ್ಟು ಹಿಡಿದು ಉಗುರಿನಿಂದ ಗೀರಿದರು. ಮೂರು ಕೆಂಪು ಗೆರೆ, ರಕ್ತ ಬಂತು. ನಾನು ಹೋಗಿ ಫೈಲಿನಲ್ಲಿ "ಹೊಡೆಯುತ್ತಾರೆ, ಸಹಕರಿಸುವುದಿಲ್ಲ" ಅಂತ ಬರೆದೆ.

ನಮ್ಮ ವಾರ್ಡ್ ಸಿಸ್ಟರ್ ಅದನ್ನು ಓದಿ ಕರೆದರು. ಬೈಯಲಿಲ್ಲ. "ಯಾಕೆ ಹಾಗೆ ಮಾಡಿದರು ಅಂತ ಬರೆದಿಲ್ಲವಲ್ಲ" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಕೇಳೇ ಇರಲಿಲ್ಲವಲ್ಲ!

ಮರುದಿನ ಕೈಯಲ್ಲಿ ಏನೂ ಇಲ್ಲದೆ ಹೋಗಿ ಪಕ್ಕದ ಕುರ್ಚಿಯಲ್ಲಿ ಸುಮ್ನೆ ಕೂತೆ. ಆಮೇಲೆ ನಮ್ಮ ದರ್ಗಾ ಓಣಿಯ ಭಾಷೆಯಲ್ಲಿ "ಕ್ಯಾ ಹೋನಾ ಅಮ್ಮಾ?" ಅಂತ ಕೇಳಿದೆ. ಏನು ಬೇಕು ಅನ್ನೋದಕ್ಕೆ ಅವರ ಕಡೆ "ಹೋನಾ" ಅನ್ನುವುದಿಲ್ಲ, ಅದು ನಮ್ಮ ಕಡೆಯ ಉರ್ದು, ದಖ್ಖನಿ ಮಾತು. ಅಜ್ಜಿ ನನ್ನ ಮುಖ ನೋಡಿದರು. "ಹೋನಾ? ಹೋನಾ?" ಅಂತ ಎರಡು ಸಲ ಅಂದು ನಕ್ಕುಬಿಟ್ಟರು! ಆಮೇಲೆ ತಲೆ ಮುಟ್ಟಿ ತೋರಿಸಿದರು. ದುಪಟ್ಟಾ. ಹಿಂದಿನ ದಿನ ನಾನು ಮೊದಲು ಮಾಡಿದ ಕೆಲಸವೇ ಅವರ ತಲೆಯ ಮೇಲಿನ ಬಟ್ಟೆ ತೆಗೆದದ್ದು. ಎಂಬತ್ತು ದಾಟಿದ ಹೆಂಗಸಿನ ತಲೆಯ ಮೇಲಿನ ಸೆರಗನ್ನು ಕೇಳದೆ ಎಳೆದಿದ್ದೆ. ಇನ್ನೊಂದು, ಅವರಿಗೆ ಒರೆಸುವುದು ಸ್ನಾನವೇ ಅಲ್ಲ, ನೀರು ಸುರಿಯಬೇಕು. ಕುರ್ಚಿಯಲ್ಲಿ ಸ್ನಾನದ ಮನೆಗೆ ಕರೆದುಕೊಂಡು ಹೋಗಿ, ತಲೆಗೆ ದುಪಟ್ಟಾ ಇಟ್ಟು, ಜಗ್ಗಿನಿಂದ ಭುಜದ ಮೇಲೆ ನೀರು ಹಾಕಿದೆ. ಕಣ್ಣು ಮುಚ್ಚಿ ಕೂತರು. ಜಗ್ಗನ್ನು ಅವರ ಕೈಗೆ ಕೊಟ್ಟೆ, ಕಾಲಿಗೆ ತಾವೇ ಹಾಕಿಕೊಂಡರು. ಗೀರಿದ ಗುರುತು ನನ್ನ ಕೈಮೇಲೆ ಇನ್ನೂ ಇತ್ತು, ಅದನ್ನು ನೋಡಿ ಬೆರಳಿಂದ ಸವರಿದರು.

ಕಲಬುರಗಿಯಲ್ಲಿ ನಾಲ್ಕು ವರ್ಷ ಬಿಎಸ್ಸಿ ನರ್ಸಿಂಗ್ ಓದಿ ಎರಡು ವರ್ಷ ಕೆಲಸ ಮಾಡಿದೆನಲ್ಲ, ಈ ಮಾತುಗಳೆಲ್ಲ ಆಗಲೂ ಪುಸ್ತಕದಲ್ಲಿ ಇದ್ದವು. ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಆದರೆ ರಾತ್ರಿ ಪಾಳಿಯಲ್ಲಿ ಅಷ್ಟೊಂದು ಜನರಿಗೆ ಇಬ್ಬರೇ ಇದ್ದಾಗ "ಏಳನೇ ಬೆಡ್‌ಗೆ ಇಂಜೆಕ್ಷನ್, ಹನ್ನೊಂದಕ್ಕೆ ಡ್ರಿಪ್" ಅನ್ನೋದೇ ನಾಲಿಗೆಗೆ ಬರುತ್ತಿತ್ತು. ಅಲ್ಲಿಯ ನನ್ನ ಜೊತೆಗಾರರನ್ನು ನಾನು ಯಾವತ್ತೂ ದೂರುವುದಿಲ್ಲ. ಅಲ್ಲಿ ಒಂದು ದೊಡ್ಡ ಅನುಕೂಲವೂ ಇತ್ತು: ಪ್ರತಿ ಮಂಚದ ಕೆಳಗೆ ಚಾಪೆ ಹಾಸಿಕೊಂಡು ಮಗಳೋ ಸೊಸೆಯೋ ಇರುತ್ತಿದ್ದರು, ಬುತ್ತಿ ಬರುತ್ತಿತ್ತು, ಅಜ್ಜನಿಗೆ ಚಹಾ ಎಷ್ಟು ಕಡಕ್ ಬೇಕು ಅಂತ ಅವರಿಗೆ ಗೊತ್ತಿರುತ್ತಿತ್ತು. ಇಲ್ಲಿ ಮನೆಯವರು ಹೊತ್ತು ನೋಡಿ ಬಂದು ಹೋಗುತ್ತಾರೆ. ಉಳಿದ ಹೊತ್ತಿಗೆ ರೋಗಿ ಯಾರು ಅಂತ ನಮಗೆ ತಿಳಿಯಲು "ಇದು ನಾನು" ಅನ್ನೋ ಒಂದು ಹಾಳೆ ತುಂಬಿ ಇಡುತ್ತಾರೆ. ಏನಂತ ಕರೆದರೆ ಇಷ್ಟ, ಏನು ಕೆಲಸ ಮಾಡುತ್ತಿದ್ದರು, ಯಾವುದಕ್ಕೆ ಹೆದರುತ್ತಾರೆ, ಸಿಟ್ಟು ಬಂದರೆ ಯಾವುದರಿಂದ ಸಮಾಧಾನ ಆಗುತ್ತದೆ. ಮಾತ್ರೆಯ ಚೀಟಿಗಿಂತ ಮೊದಲು ನಾನು ಈಗ ಅದನ್ನೇ ಓದುತ್ತೇನೆ.

ಇದಕ್ಕೆ ಇಲ್ಲಿ ವ್ಯಕ್ತಿ ಕೇಂದ್ರಿತ ಆರೈಕೆ ಅನ್ನುತ್ತಾರೆ. ಮರೆವಿನ ಕಾಯಿಲೆಯವರ ವಿಷಯದಲ್ಲಿ ಇದನ್ನು ಗಟ್ಟಿಯಾಗಿ ಹೇಳಿದ ಟಾಮ್ ಕಿಟ್‌ವುಡ್ ಇದೇ ಬ್ರಾಡ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಇದ್ದವರು, ಅವರ ಮುಖ್ಯ ಪುಸ್ತಕ 1997ರಲ್ಲಿ ಬಂತು. ಕಾಯಿಲೆ ಮಿದುಳಿನಲ್ಲಿ ಇದ್ದರೂ ಸುತ್ತಲಿನವರ ನಡವಳಿಕೆ ಅದನ್ನು ಇನ್ನೂ ಹದಗೆಡಿಸುತ್ತದೆ ಅಂತ ಅವರು ವಾದಿಸಿದರು. ಚಿಕ್ಕ ಮಗುವಿನಂತೆ ನಡೆಸಿಕೊಳ್ಳುವುದು, ಅವರ ಕೈಗೆ ಸಾಗದಷ್ಟು ಬೇಗ ಬೇಗ ಮಾಡಿಸುವುದು, ಅವರು ಎದುರಿಗೇ ಇದ್ದರೂ ಇಲ್ಲದವರಂತೆ ಅವರ ಬಗ್ಗೆ ಮಾತಾಡುವುದು. ಓದುವಾಗ ನನ್ನ ಹೊಟ್ಟೆಯಲ್ಲಿ ಕಲಸಿದಂತಾಯಿತು, ಮೂರನ್ನೂ ನಾನು ಮಾಡಿದ್ದೆ, ಆಯಿಗೇ ಮಾಡಿದ್ದೆ.

ಇಂಗ್ಲೆಂಡಿನಲ್ಲಿ 2012ರಲ್ಲಿ ನರ್ಸುಗಳಿಗೆ ಅಂತ ಆರು ಮೌಲ್ಯ ಹೇಳಿದರು. ಕಾಳಜಿ, ಕರುಣೆ, ಕೌಶಲ್ಯ, ಮಾತುಕತೆ, ಧೈರ್ಯ, ಬದ್ಧತೆ. ಉಳಿದವು ಯಾರಿಗಾದರೂ ಹೊಳೆಯುತ್ತವೆ, ಧೈರ್ಯ ಯಾಕೆ ಸೇರಿಸಿದರು ಅಂತ ನನಗೆ ಆ ಅಜ್ಜಿಯಿಂದಲೇ ತಿಳಿಯಿತು. ಡಾಕ್ಟರುಗಳು ಅವರಿಗೆ ಸ್ವಂತ ನಿರ್ಧಾರ ಮಾಡುವ ಶಕ್ತಿ ಇಲ್ಲ ಅಂತ ಬರೆಯಲು ಹೊರಟಿದ್ದರು, ಮನೆಗೋ ವೃದ್ಧಾಶ್ರಮಕ್ಕೋ ಅನ್ನೋ ಪ್ರಶ್ನೆ. ಇಲ್ಲಿ 2005ರ ಒಂದು ಕಾನೂನು ಇದೆ: ಒಬ್ಬರಿಗೆ ನಿರ್ಧಾರ ಮಾಡಲು ಆಗುವುದಿಲ್ಲ ಅನ್ನುವ ಮೊದಲು, ಅವರೇ ನಿರ್ಧರಿಸಲು ಸಾಧ್ಯವಿರುವ ಎಲ್ಲ ಸಹಾಯ ಮಾಡಿರಬೇಕು. ನಾನು ಹೊಸಬಳು, ಎದೆ ಡವಡವ ಅನ್ನುತ್ತಿತ್ತು. "ಇವರನ್ನು ಇನ್ನೂ ಅವರ ಭಾಷೆಯಲ್ಲಿ ಕೇಳಿಲ್ಲ" ಅಂದೆ. ಡಾಕ್ಟರ್ ಒಂದು ಕ್ಷಣ ನಿಂತರು, ಆಮೇಲೆ ದುಭಾಷಿಯನ್ನು ಕರೆಸಿದರು. ಅಜ್ಜಿ ಅರ್ಧ ಗಂಟೆ ಮಾತಾಡಿದರು. ತಡವರಿಸಿದರು, ಹೇಳಿದ್ದನ್ನೇ ಹೇಳಿದರು, ಆದರೆ ಏನು ಬೇಕು ಅನ್ನೋದು ಸ್ಪಷ್ಟವಾಗಿತ್ತು. ಮಗಳ ಮನೆಗೆ ಹೋದರು.

ಈಗ ನಮ್ಮ ಆಯಿ.

ಮೊದಲು ಡಾಕ್ಟರಿಗೆ ತೋರಿಸಿ. ಮುಪ್ಪಿನ ಮರೆವು ಅಂತ ಬಿಡಬೇಡಿ. ಈ ತಿಂಗಳು ಒಮ್ಮೆಲೇ ಜಾಸ್ತಿ ಆಯಿತು ಅಂದಿರಲ್ಲ, ಮೂತ್ರದ ಸೋಂಕು, ಮಲಬದ್ಧತೆ, ನೋವು, ನೀರು ಕಡಿಮೆ ಕುಡಿಯುವುದು, ಯಾವುದೋ ಹೊಸ ಮಾತ್ರೆ, ಇವುಗಳಿಂದಲೂ ವಯಸ್ಸಾದವರಿಗೆ ದಿಢೀರ್ ಗೊಂದಲ ಆಗುತ್ತದೆ, ಔಷಧ ಮಾಡಿದರೆ ಸಾಮಾನ್ಯವಾಗಿ ಇಳಿಯುತ್ತದೆ. ನಮ್ಮ ಊರಿನ ಬಿಸಿಲಲ್ಲಿ ನೀರಿನ ಕಡೆ ತುಂಬಾ ಲಕ್ಷ್ಯ ಇರಲಿ. ಥೈರಾಯ್ಡ್, ಬಿ12 ಪರೀಕ್ಷೆಯನ್ನೂ ಕೇಳಿ. ಕಿವಿಯನ್ನೂ ನೋಡಿಸಿ.

ಸ್ನಾನ. ಅವ್ವ, ಹೊಸ ಬಚ್ಚಲಲ್ಲಿ ಶವರ್ ಹಾಕಿಸಿದ್ದೀರಿ. ಆಯಿ ಜೀವಮಾನವಿಡೀ ಹಂಡೆಯಿಂದ ತಂಬಿಗೆಯಲ್ಲಿ ನೀರು ತೆಗೆದು ಹಾಕಿಕೊಂಡವಳು, ಸೀರೆ ಸುತ್ತಿಕೊಂಡೇ. ಮೇಲಿಂದ ಸುರ್ ಅಂತ ಬೀಳುವ ನೀರು ಅವಳಿಗೆ ಏನು ಅನಿಸುತ್ತಿರಬಹುದು? ತಂಬಿಗೆ ಅವಳ ಕೈಗೆ ಕೊಟ್ಟು ನೋಡು. ಒಂದು ದಿನ ಬೇಡ ಅಂದರೆ ಬಿಡು, ಕೈಕಾಲು ಮುಖ ತೊಳೆದರೂ ಆಯಿತು.

ಊಟ. ಮೆತ್ತಗಿರಲಿ ಅಂತ ಬಿಳಿ ತಾಟಿನಲ್ಲಿ ಬಿಳಿ ಅನ್ನ ಮೊಸರು ಹಾಕುತ್ತೀರಿ, ಮರೆವಿನವರಲ್ಲಿ ಎಷ್ಟೋ ಜನರಿಗೆ ಬಿಳಿ ಮೇಲೆ ಬಿಳಿ ಸರಿಯಾಗಿ ಕಾಣಿಸುವುದೇ ಇಲ್ಲ. ಹಳೆಯ ಹಿತ್ತಾಳೆ ತಾಟು ತೆಗೆಯಿರಿ. ಅನ್ನ ಅವಳಿಗೆ ಯಾವತ್ತು ಸೇರಿತ್ತು? ಮೆತ್ತನೆ ಜೋಳದ ರೊಟ್ಟಿ ಮುರಿದು ತೊಗರಿಬೇಳೆಯಲ್ಲಿ ಚೆನ್ನಾಗಿ ಕಲಸಿ ಕೊಡಿ. ನುಂಗುವಾಗ ಕೆಮ್ಮು ಬರುತ್ತಿದ್ದರೆ ಮಾತ್ರ ಒತ್ತಾಯ ಬೇಡ, ಅದನ್ನೂ ಡಾಕ್ಟರಿಗೆ ಹೇಳಿ.

ಅಪ್ಪ, "ನಮ್ಮ ಮನಿಗಿ" ಅಂದಾಗ ವಾದ ಮಾಡಬೇಡಿ. ಅವಳು ಹೇಳುವ ಮನೆ ಮಳಖೇಡದ್ದು, ತವರುಮನೆ. ಅಲ್ಲಿ ಏನಿತ್ತು ಅಂತ ಕೇಳಿ. ಕಾಗಿಣಾ ಹೊಳೆಗೆ ಯಾರ ಜೊತೆ ಬಟ್ಟೆ ಒಗೆಯಲು ಹೋಗುತ್ತಿದ್ದಳು ಅಂತ ಕೇಳಿ. ನನಗೆ ಚಿಕ್ಕವಳಿದ್ದಾಗ ಹೇಳಿದ್ದಾಳೆ, ನೀವು ಕೇಳಿಲ್ಲ ಅನಿಸುತ್ತದೆ.

ತಮ್ಮಾ, ಬೈಯುತ್ತಿಲ್ಲ ಕಣೋ. ಆ ಚಿಲಕ ತೆಗೆದುಬಿಡು. ಒಳಗೆ ಬಿದ್ದರೆ, ಬೆಂಕಿ ಬಿದ್ದರೆ ಹೊರಗೆ ಬರಲು ಆಗುವುದಿಲ್ಲ, ಒಳಗಿನಿಂದ ಬಾಗಿಲು ತಳ್ಳಿ ತಳ್ಳಿ ಅವಳ ಭಯ ಜಾಸ್ತಿಯೇ ಆಗುತ್ತದೆ. ಅಂಗಡಿಗೇ ಕರೆದುಕೊಂಡು ಹೋಗು, ಫ್ಯಾನ್ ಕೆಳಗೆ ಕೂರಿಸಿ ಒಂದು ಮೊರದಲ್ಲಿ ತೊಗರಿಬೇಳೆ ಕೊಡು, ಕಲ್ಲು ಆರಿಸಲಿ. ಕಲ್ಲು ಇರದಿದ್ದರೂ ಆರಿಸಲಿ. ಕೈಗೆ ಕೆಲಸ ಇರುವುದು ಊಟ ನಿದ್ದೆಯಷ್ಟೇ ಮುಖ್ಯ. ಆಗದ ದಿನ ಪಕ್ಕದ ಮನೆಯ ಆಪಾಗೆ ಕೇಳು, ಅವರು ಖಂಡಿತ ಬಂದು ಕೂರುತ್ತಾರೆ. ಆಯಿಯ ಸೊಂಟದ ಚೀಲದಲ್ಲಿ ನಿನ್ನ ಫೋನ್ ನಂಬರ್ ಬರೆದ ಚೀಟಿ ಇಡು.

ಅವ್ವ, ನಿನ್ನನ್ನು ಯಾರಾದರೂ ಕೇಳಿದರಾ? ರಾತ್ರಿ ಎಷ್ಟು ಸಲ ಏಳುತ್ತೀಯ? ವಾರಕ್ಕೆ ಎರಡು ರಾತ್ರಿ ಅಪ್ಪ ಆಯಿಯ ಕೋಣೆಯಲ್ಲಿ ಮಲಗಲಿ. ಅಪ್ಪ, ಇದನ್ನು ನಾನು ಕೇಳಿಕೊಳ್ಳುತ್ತಿದ್ದೇನೆ.

ಇನ್ನು ಒಂದು ಹಾಳೆ ತೆಗೆದುಕೊಂಡು ಆಯಿಯ ಪಕ್ಕ ಕೂತು, ಅವಳನ್ನೇ ಕೇಳಿ ಬರೆಯಿರಿ. ಯಾವ ಸೀರೆ ಇಷ್ಟ, ಚಹಾಕ್ಕೆ ಬೆಲ್ಲವೋ ಸಕ್ಕರೆಯೋ, ಕತ್ತಲಲ್ಲಿ ಮಲಗುವುದೋ ದೀಪ ಇರಬೇಕೋ, ಅವಳ ಅವ್ವ ಅವಳನ್ನು ಏನಂತ ಕರೆಯುತ್ತಿದ್ದಳು. ಕೊನೆಯದು ನನಗೂ ಗೊತ್ತಿಲ್ಲ. ಫೋಟೋ ತೆಗೆದು ಕಳಿಸಿ.

ಬರುವ ಭಾನುವಾರ ನಿಮ್ಮ ಸಂಜೆ ನಾಲ್ಕಕ್ಕೆ ಫೋನ್ ಮಾಡುತ್ತೇನೆ, ಕತ್ತಲಾಗುವ ಮೊದಲು. ಆಯಿಗೇ ಮೊದಲು ಕೊಡಿ, ಪಕ್ಕದಿಂದ ಯಾರೂ ಹೇಳಿಕೊಡಬೇಡಿ. ಗುರುತು ಸಿಗದಿದ್ದರೆ ಪರವಾಗಿಲ್ಲ. ನನ್ನ ಹೆಸರು ನಾನೇ ಹೇಳುತ್ತೇನೆ.

ನಿಮ್ಮ
ಮಗಳು