‘ಇನ್ನೊಮ್ಮೆ ಹೇಳಿ’ ಎಂದು ಇಂಗ್ಲಿಷಿನಲ್ಲಿ ಕೇಳುವುದನ್ನೂ ಕಲಿಸಬೇಕು

ಮಾನ್ಯ ಸಂಪಾದಕರೇ,

ಕೆಲವು ತಿಂಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮೊಬೈಲ್ ಹಿಡಿದುಕೊಂಡು ನಮ್ಮ ಮನೆಗೆ ಬಂದಿದ್ದ. ಅವನ ಊರಿನಲ್ಲಿ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲ. ಬೆಂಗಳೂರಿನ ಕಂಪನಿಯೊಂದರ ಸಂದರ್ಶನ ಫೋನಿನಲ್ಲಿಯೇ ನಡೆಯಲಿತ್ತು. ಡಿಪ್ಲೊಮಾ ಮುಗಿಸಿರುವ ಈ ಹುಡುಗ ಕನ್ನಡ ಮಾಧ್ಯಮದಲ್ಲಿ ಓದಿ, ಎಸ್ಸೆಸ್ಸೆಲ್ಸಿಯ ಇಂಗ್ಲಿಷ್ ಪತ್ರಿಕೆಯಲ್ಲಿ 80ಕ್ಕೆ 71 ಅಂಕ ಪಡೆದವನು. ಸ್ಪೀಕರ್ ಹಾಕಿಕೊಂಡು ಮಾತನಾಡುತ್ತಿದ್ದುದರಿಂದ ಪಕ್ಕದ ಕೋಣೆಯಲ್ಲಿದ್ದ ನನಗೂ ಎಲ್ಲವೂ ಕೇಳಿಸುತ್ತಿತ್ತು. ಮೊದಲ ಎರಡು ಪ್ರಶ್ನೆಗಳಿಗೆ ತಡವರಿಸದೆ ಉತ್ತರಿಸಿದ. ಮೂರನೆಯದಕ್ಕೆ ‘ಯೆಸ್ ಸರ್’ ಎಂದ. ಆ ಕಡೆಯವರು ಒಂದು ಕ್ಷಣ ಸುಮ್ಮನಿದ್ದು ಮತ್ತೇನನ್ನೋ ಕೇಳಿದರು, ಅದಕ್ಕೂ ‘ಯೆಸ್ ಸರ್’ ಎಂದ. ಅವರು ಕೇಳಿದ್ದು ‘ನಿನಗೆ ಹಗಲು ಪಾಳಿ ಅನುಕೂಲವೋ, ರಾತ್ರಿ ಪಾಳಿಯೋ’ ಎಂದು. ಎರಡೇ ನಿಮಿಷದಲ್ಲಿ ಕರೆ ಮುಗಿಯಿತು.

ಆಮೇಲೆ ಅವನು ಹೇಳಿದ ಮಾತನ್ನು ಇದ್ದಂತೆಯೇ ಬರೆಯುತ್ತೇನೆ: “ಪ್ರಶ್ನೆ ಕೇಳಿಸ್ತು ಸರ್, ಆದ್ರೆ ಹಿಡಿಯೋಕಾಗ್ಲಿಲ್ಲ. ಇನ್ನೊಂದ್ಸಲ ಹೇಳಿ ಅಂದ್ರೆ ಇವನಿಗೆ ಇಂಗ್ಲಿಷೇ ಬರಲ್ಲ ಅಂದ್ಕೋತಾರೆ ಅಂತ ಸುಮ್ನಾದೆ.” ಅವನಿಗೆ ಪ್ರೌಢಶಾಲೆಯಲ್ಲಿ ಮೂರು ವರ್ಷ ಇಂಗ್ಲಿಷ್ ಕಲಿಸಿದವನು ನಾನೇ. ಕರ್ಮಣಿ ಪ್ರಯೋಗ, ಪರೋಕ್ಷ ಕಥನ, ರಜೆಯ ಅರ್ಜಿ ಎಲ್ಲವನ್ನೂ ಕಲಿಸಿದ್ದೇನೆ. ಎದುರಿನವರ ಮಾತು ಅರ್ಥವಾಗದೆ ಹೋದಾಗ ಏನು ಹೇಳಬೇಕು ಎಂಬುದಕ್ಕೆ ಮಾತ್ರ ಒಂದೇ ಒಂದು ಪೀರಿಯಡ್ಡನ್ನೂ ನಾನು ಮೀಸಲಿಟ್ಟಿರಲಿಲ್ಲ. ಪಾಠ ಮುಗಿಸಿ ‘ಅಂಡರ್‌ಸ್ಟುಡ್?’ ಎಂದು ಕೇಳುತ್ತಿದ್ದೆ, ಇಡೀ ತರಗತಿ ‘ಯೆಸ್ ಸರ್’ ಎನ್ನುತ್ತಿತ್ತು. ಆ ದಿನ ಫೋನಿನಲ್ಲಿ ನಾನು ಕೇಳಿದ ‘ಯೆಸ್ ಸರ್’ ನನ್ನ ತರಗತಿಯಲ್ಲಿಯೇ ರೂಢಿಯಾದದ್ದು ಎಂಬ ನೋವಿನಿಂದ ಈ ಪತ್ರ ಬರೆಯುತ್ತಿದ್ದೇನೆ.

ಅರ್ಥವಾಗದಿರುವುದು ಅವಮಾನವೆಂಬ ಭಾವನೆಯೇ ಮೊದಲು ಹೋಗಬೇಕು. ಮಾತುಕತೆಯನ್ನು ಅಧ್ಯಯನ ಮಾಡುವ ಭಾಷಾವಿಜ್ಞಾನಿಗಳು ಬೇರೆ ಬೇರೆ ಖಂಡಗಳ 12 ಭಾಷೆಗಳ ಸಹಜ ಸಂಭಾಷಣೆಗಳನ್ನು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ಸ್ವಂತ ಭಾಷೆಯಲ್ಲಿ, ಮನೆಯವರ ಮತ್ತು ಸ್ನೇಹಿತರ ನಡುವೆ ನಡೆಯುವ ಮಾತಿನಲ್ಲಿಯೂ ಸರಾಸರಿ ಒಂದೂವರೆ ನಿಮಿಷದೊಳಗೆ ಒಮ್ಮೆ ಯಾರಾದರೊಬ್ಬರು ‘ಆಂ?’, ‘ಯಾರು?’, ‘ನಾಳೆಯಾ?’ ಎಂದು ಕೇಳಿ ಮಾತನ್ನು ಸರಿಪಡಿಸಿಕೊಳ್ಳುತ್ತಾರೆ. ತಾಯ್ನುಡಿಯಲ್ಲಿ ದಿನಕ್ಕೆ ಹತ್ತಾರು ಬಾರಿ ನಾವೆಲ್ಲರೂ ಸಂಕೋಚವಿಲ್ಲದೆ ಮಾಡುವ ಕೆಲಸವನ್ನು, ಕಲಿತ ಭಾಷೆಯಲ್ಲಿ ಒಮ್ಮೆ ಮಾಡಲು ನಮ್ಮ ಮಕ್ಕಳು ಹೆದರುತ್ತಾರೆ. ಅದೇ ಅಧ್ಯಯನದ ಇನ್ನೊಂದು ಮಾತು ನನಗೆ ಹೆಚ್ಚು ಉಪಯುಕ್ತವೆನಿಸಿತು: ಜನರು ಬರಿಯ ‘ಆಂ?’ ಎನ್ನುವುದಕ್ಕಿಂತ, ತಮಗೆ ಎಷ್ಟು ಗೊತ್ತಾಗಿದೆಯೋ ಅಷ್ಟನ್ನು ಹಿಡಿದುಕೊಂಡು ತಪ್ಪಿಹೋದ ಭಾಗವನ್ನು ಮಾತ್ರ ಕೇಳಲು ಬಯಸುತ್ತಾರೆ, ಏಕೆಂದರೆ ಅದರಿಂದ ಹೇಳುವವರ ಶ್ರಮ ಕಡಿಮೆಯಾಗುತ್ತದೆ.

ಇಂಗ್ಲಿಷಿನಲ್ಲಿ ಕಲಿಸಬೇಕಾದದ್ದೂ ಇದನ್ನೇ. ನಮ್ಮ ಮಕ್ಕಳಿಗೆ ಗೊತ್ತಿರುವುದು ಹೆಚ್ಚೆಂದರೆ ‘ಪಾರ್ಡನ್’ ಎಂಬ ಒಂದು ಪದ. ಆದರೆ ಕೇಳಿಸದಿರುವುದು ಬೇರೆ, ಕೇಳಿಸಿಯೂ ತಿಳಿಯದಿರುವುದು ಬೇರೆ. ‘ಸಾರಿ, ಐ ಕುಡ್‌ಂಟ್ ಹಿಯರ್ ಯೂ’ ಎಂದರೆ ಎದುರಿನವರು ಅದೇ ವಾಕ್ಯವನ್ನು ಅದೇ ವೇಗದಲ್ಲಿ ಇನ್ನಷ್ಟು ಗಟ್ಟಿಯಾಗಿ ಹೇಳುತ್ತಾರೆ. ವೇಗವೇ ತೊಡಕಾಗಿದ್ದವನಿಗೆ ಅದರಿಂದ ಪ್ರಯೋಜನವಿಲ್ಲ, ಅವನು ‘ಕುಡ್ ಯೂ ಸ್ಪೀಕ್ ಎ ಲಿಟ್ಲ್ ಮೋರ್ ಸ್ಲೋಲಿ, ಪ್ಲೀಸ್?’ ಎನ್ನಬೇಕು. ಒಂದು ಪದ ಮಾತ್ರ ಹೊಸದಾಗಿದ್ದರೆ ‘ವಾಟ್ ಡಸ್ ದಟ್ ವರ್ಡ್ ಮೀನ್?’ ಎಂದೂ, ಹೆಸರೋ ವಿಳಾಸವೋ ಆಗಿದ್ದರೆ ‘ಕುಡ್ ಯೂ ಸ್ಪೆಲ್ ಇಟ್ ಫಾರ್ ಮಿ?’ ಎಂದೂ, ಪದಗಳೆಲ್ಲ ಗೊತ್ತಿದ್ದು ಒಟ್ಟು ಅರ್ಥ ಸಿಗದಿದ್ದರೆ ‘ಕುಡ್ ಯೂ ಪುಟ್ ಇಟ್ ಅನದರ್ ವೇ?’ ಎಂದೂ ಕೇಳಬೇಕು. ಎಲ್ಲಕ್ಕಿಂತ ಗಟ್ಟಿಯಾದದ್ದು, ತಿಳಿದಷ್ಟನ್ನು ಹೇಳಿ ಖಚಿತಪಡಿಸಿಕೊಳ್ಳುವ ವಾಕ್ಯ: ‘ಡು ಯೂ ಮೀನ್ ದ ನೈಟ್ ಶಿಫ್ಟ್?’ ಹೀಗೆ ಕೇಳುವವನನ್ನು ಯಾರೂ ಇಂಗ್ಲಿಷ್ ಬಾರದವನೆಂದು ತಿಳಿಯುವುದಿಲ್ಲ, ಗಮನವಿಟ್ಟು ಕೇಳುವವನೆಂದೇ ತಿಳಿಯುತ್ತಾರೆ.

ಇಲ್ಲಿ ಕನ್ನಡಿಗರಾದ ನಮಗೇ ವಿಶೇಷವಾದ ಒಂದು ತೊಡಕಿದೆ. ಕನ್ನಡದಲ್ಲಿ ಗೌರವವು ಕ್ರಿಯಾಪದದೊಳಗೇ ಕುಳಿತಿರುತ್ತದೆ. ‘ಇನ್ನೊಮ್ಮೆ ಹೇಳಿ’ ಎಂದರೆ ಸಾಕು, ಆ ‘ಹೇಳಿ’ಯಲ್ಲಿಯೇ ವಿನಯವಿದೆ. ನಮ್ಮ ಹುಡುಗ ಅದನ್ನು ಹಾಗೆಯೇ ಇಂಗ್ಲಿಷಿಗೆ ತಂದು ‘ಟೆಲ್ ಒನ್ ಮೋರ್ ಟೈಮ್’ ಎನ್ನುತ್ತಾನೆ. ಅವನ ಮನಸ್ಸಿನಲ್ಲಿ ಬಹುವಚನದ ಮರ್ಯಾದೆ ಇರುತ್ತದೆ, ಆದರೆ ಇಂಗ್ಲಿಷಿನ ಕ್ರಿಯಾಪದಕ್ಕೆ ಆ ಮರ್ಯಾದೆಯನ್ನು ಹೊರುವ ಶಕ್ತಿಯಿಲ್ಲದ ಕಾರಣ, ಕೇಳುವವರ ಕಿವಿಗೆ ಅದು ಅಪ್ಪಣೆಯಂತೆ ಬೀಳುತ್ತದೆ. ‘ವಾಟ್?’ ಎಂಬ ಒಂಟಿ ಪದವಂತೂ ನಮ್ಮ ‘ಏನು?’ ಎಂಬುದರ ಒರಟುತನವನ್ನೇ ಹೊತ್ತಿದೆ, ‘ಏನಂದಿರಿ?’ ಎಂಬುದರ ನಯ ಅದಕ್ಕಿಲ್ಲ. ಇಂಗ್ಲಿಷಿನಲ್ಲಿ ಆ ನಯವನ್ನು ‘ಸಾರಿ’, ‘ಕುಡ್ ಯೂ’, ‘ಪ್ಲೀಸ್’ ಎಂಬ ಬಿಡಿ ಪದಗಳೇ ತರಬೇಕು. ಆದ್ದರಿಂದ ಇಂತಹ ವಾಕ್ಯಗಳನ್ನು ಪದಕ್ಕೆ ಪದ ಜೋಡಿಸಿ ಕಟ್ಟಲು ಬಿಡದೆ, ಮಗ್ಗಿಯಂತೆ ಇಡಿಯಾಗಿ ಬಾಯಿಪಾಠ ಮಾಡಿಸುವುದೇ ಸರಿಯೆಂದು ಬಾಯಿಪಾಠವನ್ನು ಸದಾ ವಿರೋಧಿಸಿದ ನಾನೇ ಈಗ ಹೇಳುತ್ತೇನೆ.

ಎರಡನೆಯ ತೊಡಕು ‘ಹೂಂ’ ಎಂಬುದರದು. ನಮ್ಮಲ್ಲಿ ಅಜ್ಜಿ ಕಥೆ ಹೇಳುವಾಗ ಮೊಮ್ಮಕ್ಕಳು ಹೂಂಗುಟ್ಟಬೇಕು, ಇಲ್ಲದಿದ್ದರೆ ಕಥೆ ಮುಂದೆ ಹೋಗುವುದಿಲ್ಲ. ಆ ಹೂಂಕಾರಕ್ಕೆ ‘ಕೇಳುತ್ತಿದ್ದೇನೆ’ ಎಂದಷ್ಟೇ ಅರ್ಥ, ‘ಒಪ್ಪಿದೆ’ ಎಂದಾಗಲಿ ‘ತಿಳಿಯಿತು’ ಎಂದಾಗಲಿ ಅಲ್ಲ. ಅದೇ ಅಭ್ಯಾಸದಿಂದ ನಾವು ಇಂಗ್ಲಿಷಿನಲ್ಲಿ ‘ಯೆಸ್, ಯೆಸ್’ ಎನ್ನುತ್ತಾ ಹೋದರೆ, ಎದುರಿನವರು ಪ್ರತಿಯೊಂದು ‘ಯೆಸ್’ ಅನ್ನೂ ಒಪ್ಪಿಗೆಯೆಂದು ಲೆಕ್ಕ ಹಾಕುತ್ತಾರೆ. ‘ಡಿಡ್‌ಂಟ್ ಯೂ ಅಂಡರ್‌ಸ್ಟ್ಯಾಂಡ್?’ ಎಂಬಂತಹ ಪ್ರಶ್ನೆ ಬಂದಾಗ ಗೊಂದಲ ಇನ್ನೂ ಹೆಚ್ಚುತ್ತದೆ. ಕನ್ನಡದಲ್ಲಿ ‘ಅರ್ಥವಾಗಲಿಲ್ಲವೇ?’ ಎಂದರೆ ‘ಹೌದು, ಆಗಲಿಲ್ಲ’ ಎನ್ನಬಹುದು. ಅದನ್ನೇ ನೆನೆದು ‘ಯೆಸ್’ ಎಂದು ನಿಲ್ಲಿಸಿಬಿಟ್ಟರೆ ಇಂಗ್ಲಿಷಿನವರಿಗೆ ಅದು ‘ಅರ್ಥವಾಯಿತು’ ಎಂದಾಗುತ್ತದೆ. ಬರಿಯ ‘ಯೆಸ್’ ಅಥವಾ ‘ನೋ’ ಎಂದು ನಿಲ್ಲಿಸದೆ ‘ನೋ, ಐ ಡಿಡ್‌ಂಟ್’ ಎಂದು ಪೂರ್ತಿ ಹೇಳುವುದನ್ನು ರೂಢಿ ಮಾಡಿಸಿದರೆ ಈ ಗೊಂದಲ ತಾನಾಗಿಯೇ ತಪ್ಪುತ್ತದೆ.

ಸಂಖ್ಯೆಗಳ ವಿಷಯದಲ್ಲಿ ಇದು ಕೇವಲ ನಯದ ಪ್ರಶ್ನೆಯಾಗಿ ಉಳಿಯುವುದಿಲ್ಲ. ‘ಫಿಫ್ಟೀನ್’ ಮತ್ತು ‘ಫಿಫ್ಟಿ’ಗಳ ನಡುವಿನ ವ್ಯತ್ಯಾಸ ಫೋನಿನಲ್ಲಿ ಇಂಗ್ಲಿಷ್ ಮನೆಮಾತಾದವರಿಗೂ ತಪ್ಪುತ್ತದೆ. ಆಸ್ಪತ್ರೆಯ ವಾರ್ಡಿನಲ್ಲಿ ಫೋನಿನ ಮೂಲಕ ಔಷಧದ ಪ್ರಮಾಣ ಕೇಳಿಕೊಳ್ಳುವ ನರ್ಸ್ ಅದನ್ನು ಬರೆದುಕೊಂಡು, ವೈದ್ಯರಿಗೆ ಮತ್ತೆ ಓದಿ ಹೇಳಿ ಖಚಿತಪಡಿಸಿಕೊಳ್ಳಬೇಕೆಂಬ ಪದ್ಧತಿ ಇರುವುದು ಇದಕ್ಕಾಗಿಯೇ. ‘ಒನ್ ಫೈವ್, ಆರ್ ಫೈವ್ ಝೀರೋ?’ ಎಂಬ ಐದು ಪದಗಳ ಪ್ರಶ್ನೆಯನ್ನು ನರ್ಸಿಂಗ್ ಸೇರುವ ನಮ್ಮ ಹೆಣ್ಣುಮಕ್ಕಳು ಹೈಸ್ಕೂಲಿನಲ್ಲಿಯೇ ಕಲಿತಿರಬೇಕು.

ವಿಮಾನಯಾನದವರು ಈ ಪಾಠವನ್ನು ಬಹಳ ದೊಡ್ಡ ಬೆಲೆ ತೆತ್ತು ಕಲಿತಿದ್ದಾರೆ. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಸೌದಿ ಅರೇಬಿಯದ ವಿಮಾನವೂ ಕಜಕಿಸ್ತಾನದ ವಿಮಾನವೂ ಆಕಾಶದಲ್ಲಿಯೇ ಡಿಕ್ಕಿಯಾಗಿ 349 ಜನ ಸತ್ತರು. ಕಜಕಿಸ್ತಾನದ ವಿಮಾನಕ್ಕೆ 15,000 ಅಡಿಯಲ್ಲಿರಲು ಸೂಚನೆಯಿತ್ತು, ಸೌದಿ ವಿಮಾನ 14,000 ಅಡಿಯಲ್ಲಿತ್ತು. ಮೊದಲನೆಯದು ತನಗೆ ಹೇಳಿದ ಎತ್ತರಕ್ಕಿಂತ ಕೆಳಗಿಳಿದದ್ದೇ ದುರಂತಕ್ಕೆ ಕಾರಣ. ಆ ಸಿಬ್ಬಂದಿಗೆ ಇಂಗ್ಲಿಷ್ ಸಾಲದೆ ಸೂಚನೆಯನ್ನು ತಪ್ಪಾಗಿ ಗ್ರಹಿಸಿದ್ದು ಹಾಗೆ ಕೆಳಗಿಳಿಯಲು ಕಾರಣವಾದ ಅಂಶಗಳಲ್ಲೊಂದು ಎಂದು ವಿಚಾರಣೆಯಲ್ಲಿ ಕಂಡುಬಂತು. ವಿಮಾನಯಾನದ ಅಂತರರಾಷ್ಟ್ರೀಯ ಸಂಸ್ಥೆಯು ಮುಂದೆ ಪೈಲಟ್‌ಗಳಿಗೆ ಮತ್ತು ನಿಯಂತ್ರಕರಿಗೆ ಭಾಷಾ ಸಾಮರ್ಥ್ಯದ ಮಟ್ಟವನ್ನು ಕಡ್ಡಾಯ ಮಾಡಿತು. ಆ ಮಟ್ಟವನ್ನು ತಲುಪಲು ತಪ್ಪಿಲ್ಲದ ವ್ಯಾಕರಣ ಬೇಕಿಲ್ಲ. ಮಾತು ತಪ್ಪಾಗಿ ಅರ್ಥವಾದಂತೆ ತೋರಿದಾಗ ಪರಿಶೀಲಿಸಿ, ಖಚಿತಪಡಿಸಿಕೊಂಡು, ಸ್ಪಷ್ಟಪಡಿಸಿಕೊಳ್ಳುವುದು ಅದರಲ್ಲಿ ಅಳೆಯುವ ಗುಣಗಳಲ್ಲೊಂದು. ರೇಡಿಯೋ ಸಂವಹನದ ನಿಗದಿತ ಪದಗಳಲ್ಲಿಯೇ ‘ಸೇ ಅಗೇನ್’, ‘ಸ್ಪೀಕ್ ಸ್ಲೋವರ್’, ‘ಕನ್ಫರ್ಮ್’ ಎಂಬವು ಸೇರಿವೆ. ನೂರಾರು ಜನರ ಜೀವ ಹೊತ್ತ ಪೈಲಟ್ ‘ಸೇ ಅಗೇನ್’ ಎಂದರೆ ಅದು ಜವಾಬ್ದಾರಿಯೆನಿಸುತ್ತದೆ. ಕೆಲಸ ಕೇಳಲು ಹೋದ ನಮ್ಮ ಹುಡುಗ ಅದನ್ನೇ ಕೇಳಿದರೆ ದಡ್ಡತನವೆನಿಸುವುದು ಯಾವ ನ್ಯಾಯ?

ನಮ್ಮ ಪರೀಕ್ಷೆಗಳು ಈ ಸಾಮರ್ಥ್ಯವನ್ನು ಎಲ್ಲಿಯೂ ಗಣನೆಗೆ ತೆಗೆದುಕೊಳ್ಳುವುದಿಲ್ಲ. ಯುರೋಪಿನ ದೇಶಗಳು 2001ರಲ್ಲಿ ರೂಪಿಸಿಕೊಂಡ ಭಾಷಾ ಕಲಿಕೆಯ ಚೌಕಟ್ಟಿನಲ್ಲಿ, ತಿಳಿಯದಾಗ ಮತ್ತೊಮ್ಮೆ ಹೇಳುವಂತೆ ಸರಳವಾಗಿ ಕೇಳುವುದು ಕೆಳಗಿನಿಂದ ಎರಡನೆಯ ಹಂತದಲ್ಲಿಯೇ ಇದೆ. ಅಂದರೆ ಅದು ಭಾಷೆ ಬಾರದಿರುವುದರ ಗುರುತಲ್ಲ, ಭಾಷೆ ಬರತೊಡಗಿರುವುದರ ಗುರುತು. ನಮ್ಮಲ್ಲಿ ದ್ವಿತೀಯ ಭಾಷೆ ಇಂಗ್ಲಿಷಿಗೆ 80 ಅಂಕಗಳ ಲಿಖಿತ ಪರೀಕ್ಷೆಯೂ 20 ಅಂಕಗಳ ಆಂತರಿಕ ಮೌಲ್ಯಮಾಪನವೂ ಇದೆ. ಆ 20 ಅಂಕಗಳಲ್ಲಿ ಐದನ್ನಾದರೂ ಇದಕ್ಕೆ ಮೀಸಲಿಡಲು ಹೊಸ ಪಠ್ಯಪುಸ್ತಕವಾಗಲಿ ಹೆಚ್ಚಿನ ಹಣವಾಗಲಿ ಬೇಕಾಗಿಲ್ಲ. ಶಿಕ್ಷಕರು ಬಸ್ಸಿನ ವೇಳೆಯನ್ನೋ ಫೋನ್ ನಂಬರನ್ನೋ ಒಂದು ವಿಳಾಸವನ್ನೋ ಬೇಕೆಂದೇ ವೇಗವಾಗಿ ಅಥವಾ ಅಸ್ಪಷ್ಟವಾಗಿ ಹೇಳಲಿ, ಪ್ರಶ್ನೆ ಕೇಳದೆ ಉತ್ತರ ಬರೆಯಲು ಸಾಧ್ಯವಾಗದಂತಿರಲಿ. ಸರಿಯಾಗಿ ಕೇಳಿದ ಮಗುವಿಗೆ ಅಂಕ ಸಿಗಲಿ. ನಿವೃತ್ತನಾದ ಮೇಲೆ ಭಾನುವಾರಗಳಂದು ನಮ್ಮ ಬೀದಿಯ ಮಕ್ಕಳಿಗೆ ನಾನು ಇದನ್ನು ಆಟದಂತೆ ಆಡಿಸುತ್ತಿದ್ದೇನೆ. ಇಂಗ್ಲಿಷಿನಲ್ಲಿ ತಾವಾಗಿ ಒಂದು ವಾಕ್ಯವನ್ನೂ ಆಡದಿದ್ದ ಮಕ್ಕಳು ಮೂರನೆಯ ವಾರಕ್ಕೆ ‘ಸ್ಲೋಲಿ ಪ್ಲೀಸ್, ಸರ್’ ಎಂದು ನನ್ನನ್ನು ತಡೆದು ನಿಲ್ಲಿಸಿದ್ದನ್ನು ಕಂಡಿದ್ದೇನೆ. ಶಿಕ್ಷಕ ಮಿತ್ರರು ‘ಅಂಡರ್‌ಸ್ಟುಡ್?’ ಎಂದು ಕೇಳುವುದನ್ನು ಬಿಟ್ಟು ‘ನಾನು ಈಗ ಏನು ಹೇಳಿದೆ, ನಿಮ್ಮ ಮಾತಿನಲ್ಲಿ ಹೇಳಿ’ ಎಂದು ಕೇಳಿದರೆ ಅರ್ಧ ಕೆಲಸ ಅಲ್ಲಿಯೇ ಆಗುತ್ತದೆ.

ಇದರಿಂದ ಕನ್ನಡಕ್ಕೆ ಕುಂದು ಬರುತ್ತದೆಂದು ಯಾರೂ ಭಾವಿಸಬಾರದು. ಕರ್ನಾಟಕದ ಬ್ಯಾಂಕಿನಲ್ಲಿ, ಕಚೇರಿಯಲ್ಲಿ, ಆಸ್ಪತ್ರೆಯಲ್ಲಿ ಕನ್ನಡದಲ್ಲಿ ವಿವರ ಕೇಳುವುದು ನಮ್ಮ ಹಕ್ಕು. ಆದ್ದರಿಂದ ‘ಕುಡ್ ಸಮ್‌ಒನ್ ಎಕ್ಸ್‌ಪ್ಲೇನ್ ದಿಸ್ ಇನ್ ಕನ್ನಡ, ಪ್ಲೀಸ್?’ ಎಂಬ ವಾಕ್ಯವನ್ನೂ ನಾನು ಮಕ್ಕಳಿಗೆ ಉಳಿದವುಗಳೊಂದಿಗೆ ಕಲಿಸುತ್ತೇನೆ. ಅರ್ಥವಾಗದ ಕಾಗದಕ್ಕೆ ‘ಯೆಸ್’ ಎಂದು ಸಹಿ ಮಾಡಿ ಬರುವುದಕ್ಕಿಂತ ಈ ಒಂದು ವಾಕ್ಯ ಸಾವಿರ ಪಾಲು ಮೇಲು. ಇಂಗ್ಲಿಷ್ ಚೆನ್ನಾಗಿ ಬಲ್ಲವರಲ್ಲಿಯೂ ಒಂದು ವಿನಂತಿಯಿದೆ: ಎದುರಿನವರು ಇನ್ನೊಮ್ಮೆ ಹೇಳಿ ಎಂದಾಗ ‘ಇಷ್ಟೂ ಗೊತ್ತಾಗುವುದಿಲ್ಲವೇ’ ಎಂಬ ಮುಖ ಮಾಡಬೇಡಿ. ಒಮ್ಮೆ ಹಾಗೆ ಮುದುಡಿದವನು ಆಮೇಲೆ ಕೇಳುವುದನ್ನೇ ಬಿಡುತ್ತಾನೆ.

ಆ ಹುಡುಗ ನನ್ನ ಮುಂದೆ ಕುಳಿತು ಒಂದು ವಾರ ಏಳೆಂಟು ವಾಕ್ಯಗಳನ್ನು ಅಭ್ಯಾಸ ಮಾಡಿದ. ಮುಂದಿನ ಸಂದರ್ಶನದಲ್ಲಿ ಎರಡು ಬಾರಿ ಪ್ರಶ್ನೆಯನ್ನು ತಡೆದು ಕೇಳಿಕೊಂಡ. ಎರಡು ಬಾರಿಯೂ ಆ ಕಡೆಯವರು ಬೇಸರಿಸದೆ ಬಿಡಿಸಿ ಹೇಳಿದರು. ಅನುಭವ ಸಾಲದೆಂಬ ಕಾರಣಕ್ಕೆ ಆ ಕೆಲಸ ಅವನಿಗೆ ಸಿಗಲಿಲ್ಲ, ಆದರೆ ಮಾತುಕತೆ ಇಪ್ಪತ್ತು ನಿಮಿಷ ನಡೆಯಿತು. ಈಗ ಮತ್ತೊಂದು ಕರೆಗಾಗಿ ಕಾಯುತ್ತಿದ್ದಾನೆ.

ತಮ್ಮ ಪತ್ರಿಕೆಯ ವಿದ್ಯಾರ್ಥಿ ಪುಟ ನಮ್ಮ ತಾಲ್ಲೂಕಿನ ಅನೇಕ ಶಾಲೆಗಳನ್ನು ತಲುಪುತ್ತದೆ. ಅದರಲ್ಲಿ ವಾರಕ್ಕೊಮ್ಮೆ, ಅರ್ಥವಾಗದಾಗ ಕೇಳಬೇಕಾದ ಒಂದು ಇಂಗ್ಲಿಷ್ ವಾಕ್ಯವನ್ನು ಅದರ ಸಂದರ್ಭ, ಉಚ್ಚಾರಣೆ ಮತ್ತು ಕನ್ನಡದ ವಿವರಣೆಯೊಂದಿಗೆ ಪ್ರಕಟಿಸಬೇಕೆಂದು ಕೋರುತ್ತೇನೆ. ಶಿಕ್ಷಣ ಇಲಾಖೆಯ ಅಧಿಕಾರಿಗಳು ಆಂತರಿಕ ಮೌಲ್ಯಮಾಪನದ ಕುರಿತ ಸಲಹೆಯನ್ನು ಮುಂದಿನ ಶೈಕ್ಷಣಿಕ ವರ್ಷಕ್ಕೆ ಮೊದಲು ಪರಿಶೀಲಿಸಬೇಕೆಂದೂ ಈ ಮೂಲಕ ಪ್ರಾರ್ಥಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಇಂಗ್ಲಿಷ್ ಶಿಕ್ಷಕ
ತಿಪಟೂರು ತಾಲ್ಲೂಕು, ತುಮಕೂರು ಜಿಲ್ಲೆ