ಮಗಳಿಗೊಂದು ಪತ್ರ: ಹೊಳೆಗೆ ಇಳಿಯುವ ಮೊದಲು

ಕೆಮ್ಮಣ್ಣು, ಉಡುಪಿ

ಪ್ರೀತಿಯ ಮಗಳೇ,

ದಸರೆ ರಜೆಗೆ ಆಫೀಸಿನ ಗೆಳತಿಯರನ್ನೂ ಕರ್ಕೊಂಡು ಬರ್ತೇನೆ ಅಂದಿದ್ದೀಯ. ಬನ್ನಿ, ಮನೆ ನಿಮ್ಮದೇ. ಆದರೆ ಆ ವಾರ ನಾನು ಮುಂಬೈಯಲ್ಲಿ ಅಕ್ಕನ ಬಾಣಂತನದಲ್ಲಿರುತ್ತೇನೆ. ಈಜು, ಗಾಳ, ಕಯಾಕ್ ಎಲ್ಲ ಪಟ್ಟಿ ಮಾಡಿಟ್ಟಿದ್ದೀರಂತೆ. ಫೋನಿನಲ್ಲಿ ಹೇಳಿದರೆ "ಸರಿ ಅಮ್ಮ, ಸರಿ ಅಮ್ಮ" ಅಂತ ಇಟ್ಟುಬಿಡ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಹೊಳೆ ಇಬ್ಬರ ಮಾತು ಕೇಳುತ್ತದೆ. ಮೇಲೆ ಘಟ್ಟ, ಕೆಳಗೆ ಕಡಲು. ದಡದಲ್ಲಿ ನಿಂತವರಿಗೆ ಎರಡೂ ಕಾಣುವುದಿಲ್ಲ, ಅದೇ ತೊಂದರೆ.

ಮೊದಲು ಘಟ್ಟದ ಕಡೆಯದು. ಇಲ್ಲಿ ಹೊಳೆ ಎರಡು. ಸ್ವರ್ಣೆ ಕಾರ್ಕಳದ ಆಚೆ ಮಾಳದ ಕಡೆಯಿಂದ ಬರುತ್ತಾಳೆ. ಸೀತೆ ಆಗುಂಬೆ ಕಡೆಯ ಘಟ್ಟ ಇಳಿದು ಹೆಬ್ರಿ, ಬಾರ್ಕೂರು ದಾಟಿ ಬರುತ್ತಾಳೆ. ಇಬ್ಬರೂ ಕೋಡಿಬೆಂಗ್ರೆಯಲ್ಲಿ ಕಡಲು ಸೇರುವುದು. ಉದ್ದ ಕಡಿಮೆ, ಇಳಿಜಾರು ಜಾಸ್ತಿ. ಹಾಗಾಗಿ ಇಲ್ಲಿ ಬಿಸಿಲಿದ್ದರೂ ಅಲ್ಲಿ ಸುರಿದದ್ದು ಕೆಲವೇ ಗಂಟೆಗಳಲ್ಲಿ ಇಳಿದು ಬರುತ್ತದೆ. ಮೊಬೈಲಿನಲ್ಲಿ ಉಡುಪಿಯ ಮಳೆ ಅಲರ್ಟ್ ಮಾತ್ರ ನೋಡಬೇಡ. ಆಗುಂಬೆ ಶಿವಮೊಗ್ಗ ಜಿಲ್ಲೆಯದು, ಅಲ್ಲಿಯದನ್ನೂ ನೋಡು. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 64.5 ಮಿಲಿಮೀಟರ್ ದಾಟಿದರೆ ಅದು ಭಾರೀ ಮಳೆ. ಘಟ್ಟದಲ್ಲಿ ಅಷ್ಟು ಬಿದ್ದ ಮರುದಿನ ಹೊಳೆಯ ಆಸೆ ಬಿಟ್ಟು ಮಲ್ಪೆಗೋ ಮಠಕ್ಕೋ ಹೋಗಿ. ನೀರು ಚಾಯ್ ಬಣ್ಣಕ್ಕೆ ತಿರುಗಿದ್ದರೆ, ಸೋಗೆ, ಬಿದಿರು, ನೊರೆ ತೇಲಿ ಬರುತ್ತಿದ್ದರೆ ಅಲರ್ಟ್ ನೋಡುವ ಅಗತ್ಯವೂ ಇಲ್ಲ.

ನೀರಿನ ಓಟ ಕಣ್ಣಂದಾಜಿಗೆ ಸಿಗುವುದಿಲ್ಲ. ಅಂಗಳದಲ್ಲಿ ತೆಂಗಿನ ಸಿಪ್ಪೆ ರಾಶಿ ಬಿದ್ದಿದೆ, ಒಂದನ್ನು ತಗೊಂಡು ಹೋಗಿ. ಚೆನ್ನಾಗಿ ನೆನೆಸಿ, ಒಣಗಿದ್ದು ಗಾಳಿಗೆ ಓಡಿಬಿಡುತ್ತದೆ. ದಡದಲ್ಲಿ ಹದಿಮೂರು ಹೆಜ್ಜೆ ಅಳೆದುಕೊಳ್ಳಿ, ಹೆಚ್ಚುಕಮ್ಮಿ ಹತ್ತು ಮೀಟರ್ ಆಗುತ್ತದೆ. ಸಿಪ್ಪೆಯನ್ನು ಆದಷ್ಟು ನಡುವಿಗೆ ಎಸೆದು ಎಣಿಸಿ, ದಡದ ಹತ್ತಿರ ನೀರು ಯಾವಾಗಲೂ ನಿಧಾನ. ಹತ್ತು ಸೆಕೆಂಡಿನಲ್ಲಿ ದಾಟಿತು ಅಂದರೆ ಗಂಟೆಗೆ 3.6 ಕಿಲೋಮೀಟರ್. ನಾವು ನಡೆಯುವುದಕ್ಕಿಂತ ಕಡಿಮೆ ಅಲ್ವಾ? ಆದರೆ ಬೆಂಗಳೂರಿನ ಈಜುಕೊಳದಲ್ಲಿ ಕಲಿತವರು ಅದಕ್ಕೆ ಎದುರು ಈಜಿದರೆ ಇದ್ದಲ್ಲೇ ಕೈಕಾಲು ಬಡಿಯುತ್ತಿರುತ್ತಾರೆ. ಓಟ ಎರಡು ಪಟ್ಟಾದರೆ ನೀರು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ.

ಇನ್ನು ಕಡಲು. ಭರತ, ಅಂದರೆ ಕಡಲಿನ ಉಬ್ಬರ, ಸುಮಾರು ಆರು ಗಂಟೆ ಏರುತ್ತದೆ, ಆರು ಗಂಟೆ ಇಳಿಯುತ್ತದೆ. ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ನಿನ್ನೆ ಎಂಟು ಗಂಟೆಗೆ ಇಳಿತ ಇತ್ತೆಂದು ಇವತ್ತೂ ಎಂಟಕ್ಕೇ ಹೋಗಬೇಡಿ. ನೆಟ್‌ನಲ್ಲಿ ಸಿಗುವ ಸಮಯ ಕಡಲಂಚಿನದು, ಹೊಳೆಯೊಳಗೆ ಇನ್ನೂ ಸ್ವಲ್ಪ ತಡ. ನವರಾತ್ರಿ ಶುರುವಾಗುವುದೇ ಅಮಾವಾಸ್ಯೆಯ ಮರುದಿನ, ಆಗ ಏರಿಳಿತ ದೊಡ್ಡದು. ಅಷ್ಟಮಿ, ನವಮಿ ಹೊತ್ತಿಗೆ ಸಣ್ಣದಾಗುತ್ತದೆ. ದಶಮಿ ಕಳೆದು ಹುಣ್ಣಿಮೆ ಹತ್ತಿರ ಬಂದಂತೆ ಮತ್ತೆ ಜೋರು. ಆಯುಧಪೂಜೆಗೆ ಬರುವ ನಿಮಗೆ ಒಳ್ಳೆಯ ದಿನಗಳೇ ಸಿಕ್ಕಿವೆ. ಹುಣ್ಣಿಮೆವರೆಗೆ ಉಳಿಯುವವರು ಇದನ್ನು ನೆನಪಿಟ್ಟುಕೊಳ್ಳಲಿ.

ಮರುವಾಯಿ, ಅದೇ ಚಿಪ್ಪುಮೀನು, ಹೆಕ್ಕಬೇಕು ಅಂದಿದ್ದಾಳಂತೆ ನಿನ್ನ ಗೆಳತಿ. ಇಳಿತದಲ್ಲಿ ಹೊಳೆ ನಡುವೆ ಮರಳ ದಿಬ್ಬ ಎದ್ದಾಗ ಅಲ್ಲಿಗೆ ನಡೆದೇ ಹೋಗಬಹುದು. ಮೊಣಕಾಲು ನೀರು, ಕಾಲಬೆರಳಿಗೆ ಚಿಪ್ಪು ತಾಗುತ್ತದೆ, ಬಗ್ಗಿ ತೆಗೆಯುವುದು, ಬುಟ್ಟಿಗೆ ಹಾಕುವುದು. ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ದಿಬ್ಬ ಎತ್ತರದ ಜಾಗ. ದಿಬ್ಬಕ್ಕೂ ದಡಕ್ಕೂ ನಡುವಿನ ಕಾಲುವೆ ತಗ್ಗು. ಭರತ ತಿರುಗಿದಾಗ ನಿಮ್ಮ ಕಾಲ ಹತ್ತಿರ ನೀರು ಒಂದು ಗೇಣೂ ಏರಿರುವುದಿಲ್ಲ, ಬೆನ್ನ ಹಿಂದೆ ಕಾಲುವೆ ಸೊಂಟದ ಮಟ್ಟ ದಾಟಿರುತ್ತದೆ. ಇಲ್ಲಿಯ ಹೆಂಗಸರು ದಡದ ಬದಿಯಲ್ಲೊಂದು ಗೂಟ ಊರಿ ಆಗಾಗ ತಿರುಗಿ ನೋಡುತ್ತಾರೆ. ಗೂಟದ ಬುಡದ ನೀರು ಹಿಮ್ಮುಖವಾಗಿ ಸುಳಿಯಲು ಶುರುವಾಯಿತೋ, ಬುಟ್ಟಿ ಅರ್ಧ ಆಗಿದ್ದರೂ ಹೊರಡುತ್ತಾರೆ. ನೀವೂ ಅದನ್ನೇ ಮಾಡಿ.

ಅಳಿವೆಯಲ್ಲಿ, ಅಂದರೆ ಹೊಳೆ ಕಡಲು ಸೇರುವಲ್ಲಿ, ಈಜು ಬೇಡವೇ ಬೇಡ. ಇಳಿತದ ಹೊತ್ತಿಗೆ ಇಡೀ ಹೊಳೆ ಆ ಕಿರಿದಾದ ಬಾಯಿಯಿಂದ ಹೊರಗೆ ನುಗ್ಗುತ್ತದೆ. ಎದುರಿನಿಂದ ಕಡಲಿನ ಅಲೆ. ಫೋಟೋಗೆ ಚೆಂದ, ಅಷ್ಟೇ.

ಕಿಂಡಿ ಅಣೆಕಟ್ಟಿನ ಹತ್ತಿರವೂ ಬೇಡ. ನೀರು ತಡೆಯಲು ಅದರ ಕಿಂಡಿಗಳಿಗೆ ಹಲಗೆ ಹಾಕುವುದು ಮಳೆ ಪೂರ್ತಿ ನಿಂತ ಮೇಲೆ. ದಸರೆ ಹೊತ್ತಿಗೆ ಕಿಂಡಿಗಳು ತೆರೆದಿರುತ್ತವೆ. ಮೇಲಿನಿಂದ ನೋಡಿದರೆ ನೀರು ಸುಮ್ನೆ ನಿಂತ ಹಾಗೆ ಕಾಣುತ್ತದೆ, ಹತ್ತಿರ ಹೋದರೆ ಎಳೆತ. ಮರಳು ತೆಗೆದ ಜಾಗಗಳಲ್ಲಿ ಎದೆಮಟ್ಟದ ನೀರು ಒಂದೇ ಹೆಜ್ಜೆಗೆ ಆಳುದ್ದ ಆಗುತ್ತದೆ. ಎಲ್ಲಕ್ಕಿಂತ ನನಗೆ ಹೆದರಿಕೆ ಕೆಂಪುಕಲ್ಲು ಕೋರೆಗಳದ್ದು. ನೀಲಿಯಾಗಿ, ತಿಳಿಯಾಗಿ ಕರೆಯುತ್ತವೆ. ಕಲ್ಲನ್ನು ಗೋಡೆಯ ಹಾಗೆ ನೇರ ಕಡಿದಿರುತ್ತಾರೆ. ಇಳಿಯಲು ಇಳಿಜಾರಿಲ್ಲ, ಹತ್ತಲು ಹಿಡಿತವಿಲ್ಲ, ಅಂಚಿನಲ್ಲಿ ಪಾಚಿ. ಈಜು ಬರುವವರೂ ಅಲ್ಲಿ ಸುಸ್ತಾಗಿ ಮುಳುಗುತ್ತಾರೆ.

ಕಯಾಕ್‌ಗೆ ಬೆಳಿಗ್ಗೆಯೇ ಹೋಗಿ. ಹೊತ್ತೇರಿದಂತೆ ಕಡಲ ಗಾಳಿ ಏಳುತ್ತದೆ. ಕುದ್ರುಗಳ, ಅಂದರೆ ಹೊಳೆ ನಡುವಿನ ದ್ವೀಪಗಳ, ಮರೆಯಲ್ಲಿ ಗೊತ್ತಾಗುವುದಿಲ್ಲ, ಬಯಲಿಗೆ ಬಂದಾಗ ಹುಟ್ಟು ಹಾಕಿ ಹಾಕಿ ತೋಳು ಬಿದ್ದುಹೋಗುತ್ತದೆ. ದಸರೆ ಸಮಯದಲ್ಲಿ ಸಂಜೆ ಗುಡುಗು ಮಳೆ ಬೇರೆ. ಮೊದಲ ಗುಡುಗು ಕೇಳಿದ ಕೂಡಲೇ ದಡಕ್ಕೆ ಬನ್ನಿ, ಬಯಲು ನೀರಿನ ಮೇಲೆ ಎತ್ತರದ ವಸ್ತು ನೀವೇ ಆಗಿರುತ್ತೀರಿ. ಲೈಫ್ ಜಾಕೆಟ್ ಹಾಕಿಕೊಂಡ ಮೇಲೆ ಒಬ್ಬರು ಇನ್ನೊಬ್ಬರದ್ದನ್ನು ಭುಜದ ಹತ್ತಿರ ಹಿಡಿದು ಮೇಲಕ್ಕೆಳೆಯಿರಿ. ಕಿವಿಯವರೆಗೆ ಬಂದರೆ ಅದು ಸಡಿಲ, ನೀರಿನಲ್ಲಿ ಮುಖದ ಮೇಲೆ ಬರುತ್ತದೆ.

ಗಾಳ ಹಾಕುವುದಾದರೆ ನೀರು ಓಡುತ್ತಿರುವಾಗ ಹಾಕಿ, ನಿಂತ ನೀರಿನಲ್ಲಿ ಮೀನು ಕಚ್ಚುವುದು ಕಡಿಮೆ. ಕಾಣೆ ಮೀನು ಬೇಕಾದರೆ ಮರಳು ತಳ ಇರುವ ಕಡೆ ನೋಡಿ. ಅಳಿವೆಯ ಕಲ್ಲುಗಳ ಮೇಲೆ ಹವಾಯಿ ಚಪ್ಪಲಿ ಹಾಕಿ ನಿಲ್ಲಬೇಡಿ.

ಕಾಲಲ್ಲಿ ಗಾಯ ಇದ್ದವರು ಕೆಸರು ನೀರಿಗೆ ಇಳಿಯಬೇಡಿ, ನಮ್ಮ ಕಡೆ ಇಲಿಜ್ವರ ಇದೆ. ವಾಪಸ್ ಹೋಗಿ ಒಂದೆರಡು ವಾರದಲ್ಲಿ ಜ್ವರ, ಮೀನಖಂಡದ ನೋವು ಬಂದರೆ ಡಾಕ್ಟರಿಗೆ ಹೊಳೆಗೆ ಇಳಿದದ್ದನ್ನು ನೀವೇ ಹೇಳಬೇಕು.

ಯಾರಾದರೂ ನೀರಿನಲ್ಲಿ ಸೋತರೆ ಹಿಂದೆ ಹಾರಬೇಡಿ. ಹಗ್ಗ, ಖಾಲಿ ಕ್ಯಾನ್, ಶಾಲು, ಏನು ಸಿಕ್ಕಿತೋ ಅದನ್ನು ಎಸೆಯಿರಿ, ಜನರನ್ನು ಕೂಗಿ, 112ಕ್ಕೆ ಫೋನ್ ಮಾಡಿ. ಹಿತ್ತಿಲ ಕೊಟ್ಟಿಗೆಯಲ್ಲಿ ಉದ್ದದ ನೈಲಾನ್ ಹಗ್ಗ ಇದೆ. ಜೊತೆಗೆ ತಗೊಂಡೇ ಹೋಗಿ.

ದೋಣಿಗೆ ಪಕ್ಕದ ಮನೆಯ ಮಾಮನಿಗೆ ಹೇಳಿಟ್ಟಿದ್ದೇನೆ. ಬೆಳಿಗ್ಗೆ ಒಮ್ಮೆ ದಡಕ್ಕೆ ಹೋಗಿ ನೋಡಿ ಬಂದು ಹೇಳುತ್ತಾರೆ. ಅವರು "ಇವತ್ತು ಬೇಡ" ಅಂದರೆ "ಅರ್ಧ ಗಂಟೆ ಮಾತ್ರ ಮಾಮ" ಅಂತ ಚೌಕಾಸಿಗೆ ಇಳಿಯಬೇಡ. ದೋಣಿ ಬಾಡಿಗೆ ಕಳೆದುಕೊಳ್ಳುವುದು ಅವರೇ, ಆದರೂ ಬೇಡ ಅಂದಿರುತ್ತಾರೆ.

ನಿನ್ನ
ಅಮ್ಮ